ಲಿಂತ್ ಹೊಳೆಯ ಗುಂಟ ನಾವು ಮೂವರು

೧೯೩೨ರಲ್ಲಿ ನನ್ನ ಓದು ನಿಂತಿತು. ಕನ್ನಡ ನಾಲ್ಕನೆಯ ಇಯತ್ತೆ, ಅದೂ ಅರ್ಧಕ್ಕೆ. ಬೆಳಗಾವಿ ಸೀಮೆಯ ನಮ್ಮೂರಿನಿಂದ ಅಕ್ಕ ಗೌರವ್ವ ನನ್ನನ್ನು ಮುಂಬಯಿಗೆ ಕರೆತಂದಳು. ಅವಳ ಗಂಡ ಗಿರಣಿಯಲ್ಲಿದ್ದ. ಅದೇ ಗಿರಣಿಯಲ್ಲಿ ನಾನು ಮೂರು ವರ್ಷ ನೆಲ ಗುಡಿಸಿದೆ, ಆಮೇಲೆ ಮಗ್ಗಗಳಿಗೆ ಎಣ್ಣೆ ಹಾಕಿದೆ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನೇಯ್ಗೆ ಖಾತೆಯ ಹೆಡ್ ಫಿಟರ್ ಆದೆ. ಯಾರ ಶಿಫಾರಸೂ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮಾಟುಂಗದ ನಮ್ಮ ಗೆಳೆಯರ ನಡುವೆ ಯಾರೋ, “ಮಲ್ಲಪ್ಪ ಪ್ರವಾಸ ಬರದಾನ ಅಂದ್ರ ಕೈ ಬ್ಯಾರೆಯವರದ ಇರಬೇಕು” ಎಂದರಂತೆ. ಕೈ ನನ್ನದೇ. ಒತ್ತಕ್ಷರ ತಿದ್ದಿದವರು ಮಾತ್ರ ಒಬ್ಬ ಮಾಸ್ತರರು.

ನಮ್ಮ ಗಿರಣಿಗೆ ಹೊಸ ಮಗ್ಗಗಳು ಬರುವುದಿತ್ತು. ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿದರೆ ಮಗ್ಗ ತಾನೇ ಬೇರೆ ಕಂಡಿಕೆ ತೊಡಿಸಿಕೊಳ್ಳುತ್ತದೆ, ಆಳು ಮುಟ್ಟಬೇಕಿಲ್ಲ. ಅದನ್ನು ಮಾಡುವ ಕಾರ್ಖಾನೆ ಸ್ವಿಟ್ಜರ್‌ಲೆಂಡಿನಲ್ಲಿ, ಲಿಂತ್ ಎಂಬ ಹೊಳೆಯ ಕಣಿವೆಯಲ್ಲಿ. ೧೯೫೫ರ ಬೇಸಿಗೆಯಲ್ಲಿ ಆರು ವಾರ ಅಲ್ಲಿದ್ದು ಕಲಿತು ಬರಲು ನನ್ನನ್ನು ಆರಿಸಿದರು. ಡಿಪ್ಲೊಮಾ ಆದವರು ಇಬ್ಬರಿದ್ದರು, ಆದರೂ ನನ್ನನ್ನೇ ಆರಿಸಿದರು. ನಾನು ಒಂದು ಮಾತು ಕೇಳಿಕೊಂಡೆ: ಹೆಂಡತಿಯನ್ನೂ ಮಗಳನ್ನೂ ನನ್ನ ಖರ್ಚಿನಲ್ಲಿ ಕರೆದೊಯ್ಯುತ್ತೇನೆ, ಬೇಡ ಅನ್ನಬೇಡಿ.

“ಮಜಾ ಮಾಡಾಕ ಹೊಂಟೀ ಏನಪಾ?” ಎಂದು ಚಾಳಿನವರು ಕೇಳಿದರು. ಹೌದು ಎಂದೆ. ನಿಜ ಬೇರೆಯಿತ್ತು.

ನನ್ನ ಹೆಂಡತಿ ನೀಲವ್ವನಿಗೆ ಟಿ.ಬಿ. ಆಗಿತ್ತು. ಮಗಳು ಕಸ್ತೂರಿಗೆ ಎರಡು ವರ್ಷವಿದ್ದಾಗ ಅವಳನ್ನು ಘಟ್ಟದ ಮೇಲಿನ ಒಂದು ಆರೋಗ್ಯಧಾಮಕ್ಕೆ ಸೇರಿಸಿದೆ. ಮೂರು ವರ್ಷ ಅಲ್ಲಿದ್ದಳು. ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡಿದ್ದ ಅಕ್ಕ ನಮ್ಮ ಖೋಲಿಗೆ ಬಂದು ಮಗುವನ್ನು ಸಾಕಿದಳು. ಮಗು ಅವಳನ್ನೇ ಅವ್ವ ಎಂದು ಕರೆಯಿತು. ತಿಂಗಳಿಗೊಂದು ಭಾನುವಾರ ನಾನು ಕಸ್ತೂರಿಯನ್ನು ತಾಯಿಗೆ ತೋರಿಸಲು ಒಯ್ಯುತ್ತಿದ್ದೆ, ದೂರದಿಂದ. ಒಂದು ಸಲ ಮಗು ಕೈ ಬಿಡಿಸಿಕೊಂಡು ಓಡಿತು. ತಾಯಿಯ ಮಂಚದ ಪಕ್ಕದ ಲೋಟ ಎತ್ತಿ ಬಾಯಿಗಿಟ್ಟುಕೊಂಡಿತು. ನಾನು ಹಿಂದೆಯೇ ಓಡಿ ಲೋಟ ಕಿತ್ತೆಸೆದು ಮಗುವಿನ ಕೈಮೇಲೆ ಬಾರಿಸಿದೆ. ಮೊದಲ ಪೆಟ್ಟು ಅಂಜಿಕೆಗೆ ಬಿತ್ತು. ಎರಡನೆಯದು ಯಾಕೆ ಹೊಡೆದೆನೋ ಈಗಲೂ ತಿಳಿಯದು. ನೀಲವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಆಮೇಲೆ ಸೂಜಿಮದ್ದು ಹತ್ತಿತು, ಕಫ ಶುದ್ಧವಾಯಿತು. ಡಾಕ್ಟರರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಗುಣವಾಗಿದೆ, ಎಲ್ಲರ ಹಾಗೆ ಇರಬಹುದು ಎಂದರು. ಆದರೆ ಮನೆಗೆ ಬಂದ ನೀಲವ್ವ ಎಲ್ಲರ ಹಾಗೆ ಇರಲಿಲ್ಲ. ತನ್ನ ಹಿತ್ತಾಳೆ ಲೋಟದ ಕೊರಳಿಗೆ ಕೆಂಪು ದಾರ ಕಟ್ಟಿಕೊಂಡಳು. ತಟ್ಟೆ ಬೇರೆ, ಚಾಪೆ ಬೇರೆ, ಜಾಗ ಬಾಗಿಲ ಹತ್ತಿರ. ಮಗುವಂತೂ ಅವಳ ಬಳಿ ಸುಳಿಯಲಿಲ್ಲ. ಮಾತಿದ್ದರೆ ನನ್ನ ಕೈಯಿಂದ ಹೇಳಿಸುತ್ತಿತ್ತು: “ಅಪ್ಪಾ, ಅವರಿಗೆ ಹೇಳು, ನನ್ನ ಗೊಂಬಿ ಅಲ್ಲೇ ಐತಿ.” ಎಂಟು ತಿಂಗಳು ಹೀಗೇ ಹೋಯಿತು. ಮೂವರೇ ಇರುವ ಕಡೆ ಹೋದರೆ ಮಗು ತಾಯಿಯ ಬಳಿ ಹೋದೀತು ಎಂದು ನಾನು ಹಡಗು ಹತ್ತಿದೆ. ಮಗ್ಗವನ್ನು ನಾನು ಹೇಗೂ ಕಲಿಯುತ್ತಿದ್ದೆ.

ಅಕ್ಕನಿಗೆ ಇದೆಲ್ಲ ಅರ್ಥವಾಗಿತ್ತು. ಮಗುವನ್ನು ತಾಯಿಯಿಂದ ದೂರ ಇಟ್ಟು ಅವಳು ಮಾಡಿದ್ದು ಡಾಕ್ಟರರು ಹೇಳಿದ್ದನ್ನೇ, ತಪ್ಪು ಅನ್ನಲಾರೆ. ಹೊರಡುವ ದಿನ ಕಸ್ತೂರಿಯ ಲಂಗಗಳನ್ನು ಮಡಚಿ ಇಡುತ್ತ, “ಬೆನ್ನ ತಟ್ಟಿದ್ರ ಮಲಗ್ತೈತಿ ಕೂಸು. ನೀಲಾಗ ಹೇಳು” ಎಂದು ನನಗೆ ಹೇಳಿದಳು. ನೀಲವ್ವ ಅಲ್ಲೇ, ಎರಡು ಮೊಳ ದೂರದಲ್ಲಿ ನಿಂತಿದ್ದಳು.

ಹಡಗು

ಇಪ್ಪತ್ತು ವರ್ಷದ ಮೇಲೆ ಒಂದು ಪಾಳಿ ತಪ್ಪಿಸಿದವನಲ್ಲ ನಾನು. ಹಡಗು ಮುಂಬಯಿ ದೀಪಸ್ತಂಭ ದಾಟಿದ ಮರುದಿನವೇ ಮಲಗಿದೆ. ಮೂರು ದಿನ ಏಳಲಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಅರಬ್ಬೀ ಸಮುದ್ರಕ್ಕೆ ಸಂದಾಯವಾಯಿತು.

ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು ಅಂದುಕೊಂಡೆ. ಅಪ್ಪ ಎದ್ದೇಳದಿದ್ದರೆ ಮಗುವಿಗೆ ತಾಯಿಯೇ ಗತಿ. ಮಲಗಿದಲ್ಲಿಂದಲೇ ಕಿವಿಗೊಟ್ಟು ಕಾದೆ. ಆದರೆ ಪಕ್ಕದ ಕೋಣೆಯಲ್ಲಿ ಒಬ್ಬ ಪಾರ್ಸಿ ಮುದುಕಿ ಇದ್ದಳು. ಮಕ್ಕಳಿಲ್ಲದವಳು, ಮಾತಿನ ಮಲ್ಲಿ. ಕಸ್ತೂರಿಯನ್ನು ಅವಳೇ ಎತ್ತಿಕೊಂಡು ಹೋದಳು. ತಲೆ ಬಾಚಿದಳು, ಬಿಸ್ಕೀಟು ತಿನ್ನಿಸಿದಳು. ನೀಲವ್ವ ಬಾಗಿಲಲ್ಲಿ ನಿಂತು ತನಗೆ ಬರುವ ಹಿಂದಿಯಲ್ಲಿ ತಣ್ಣೀರು ಕೊಡಬೇಡಿ ಎನ್ನುತ್ತಿದ್ದಳು:

“ಉಸಕೂ ಥಂಡಾ ಪಾನಿ ಮತ್ ದೇನಾ ಬಾಯಿ, ಗಂಟಲಾ ಖರಾಬ್ ಹೋತಾ.”

“ತೋ ತೂ ಹೀ ಆಕರ್ ದೇ ದೇ ನಾ,” ಎಂದಳು ಮುದುಕಿ, ಹಾಗಾದರೆ ನೀನೇ ಬಂದು ಕೊಡು ಅಂತ.

ನೀಲವ್ವ ಹೊಸ್ತಿಲು ದಾಟಲಿಲ್ಲ. ಹಡಗಿನ ಆಳುಗಳು ಎಲ್ಲರ ಗಾಜಿನ ಲೋಟಗಳನ್ನೂ ಒಂದೇ ತೊಟ್ಟಿಯಲ್ಲಿ ಮುಳುಗಿಸಿ ತೊಳೆಯುವುದನ್ನು ಅವಳು ಮೊದಲ ದಿನವೇ ನೋಡಿದ್ದಳು. ಅಂದಿನಿಂದ ಅವರ ಲೋಟ ಮುಟ್ಟಲೇ ಇಲ್ಲ, ತನ್ನ ಕೆಂಪು ದಾರದ್ದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಕಸ್ತೂರಿ ರಾತ್ರಿ ನನ್ನ ಪಕ್ಕವೇ ಮಲಗಿತು. ಬೆನ್ನು ತಟ್ಟಿದವನೂ ನಾನೇ. ಕೈ ಏಳುತ್ತಿರಲಿಲ್ಲ, ಆದರೂ ತಟ್ಟಿದೆ.

ಯಾಕೋಬನ ಮನೆ

ಜಿನೋವಾದಲ್ಲಿ ಇಳಿದು ರೈಲು ಹತ್ತಿ, ಎಷ್ಟೋ ಸುರಂಗ ದಾಟಿ ಕಣಿವೆಯ ಊರು ಮುಟ್ಟಿದೆವು. ನಮ್ಮನ್ನು ಇಳಿಸಿಕೊಂಡವನು ಕಾರ್ಖಾನೆಯ ಮೇಸ್ತ್ರಿ ಯಾಕೋಬ್. ನನ್ನ ವಯಸ್ಸಿನವನು, ಕುಳ್ಳ, ಅಂಗೈ ನನ್ನದರಷ್ಟೇ ಒರಟು. ಕೈ ಕುಲುಕಿದಾಗಲೇ ಇಬ್ಬರಿಗೂ ಗೊತ್ತಾಯಿತು, ಇವನು ಬರೀ ಪೆನ್ನು ಹಿಡಿದವನಲ್ಲ ಎಂದು. ಅವನ ಇಂಗ್ಲಿಷ್ ನನ್ನ ಇಂಗ್ಲಿಷ್ ಎರಡೂ ಕಾರ್ಖಾನೆಯವು. ಟೈಟ್, ಲೂಸ್, ಸ್ಪ್ರಿಂಗ್, ಗೇಜ್, ಫಿನಿಶ್. ಅಷ್ಟರಲ್ಲಿ ಸಂಸಾರದ ಮಾತನ್ನೂ ಆಡಿಕೊಳ್ಳಬಹುದು ಎಂದು ಮುಂದೆ ಕಂಡುಕೊಂಡೆವು.

ಅವನ ಮರದ ಮನೆಯ ಮೇಲಂತಸ್ತು ನಮಗೆ. ಕೆಳಗೆ ಅವನು, ಹೆಂಡತಿ ಆನ್ನಾ, ಮೂರು ಮಕ್ಕಳು. ಆ ಜನ ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ದಿಂಬುಗಳನ್ನು ಕಿಟಕಿಯ ಮೇಲೆ ನೇತುಹಾಕುತ್ತಾರೆ. ಇಡೀ ಊರು ನಾಲಿಗೆ ಚಾಚಿ ಡಾಕ್ಟರಿಗೆ ತೋರಿಸುತ್ತಿರುವಂತೆ ಕಾಣುತ್ತದೆ. ಕಸಬರಿಗೆಗೂ ಒಂದು ಗೂಟ, ಗೂಟದ ಮೇಲೆ ಅದರ ಹೆಸರು. ಆ ಕಣಿವೆಯಲ್ಲಿ ಹಸಿರು ಬಣ್ಣದ ಒಂದು ಗಿಣ್ಣು, ಅಂದರೆ ಚೀಸ್, ಮಾಡುತ್ತಾರೆ. ಆನ್ನಾ ಪ್ರೀತಿಯಿಂದ ಅದನ್ನು ರೊಟ್ಟಿಯ ಮೇಲೆ ತುರಿದು ಕೊಟ್ಟಳು. ಕಸ್ತೂರಿ ಮೂಗು ಹಿಡಿದುಕೊಂಡು, “ಅಪ್ಪಾ, ಗಿರಣಿಯ ಮೋರಿ ವಾಸ್ನಿ” ಎಂದಿತು. “ಏನಂದಳು?” ಎಂದು ಯಾಕೋಬ್ ಕೇಳಿದ. ತನ್ನ ಊರು ನೆನಪಾಯಿತಂತೆ ಎಂದೆ.

ಅದು ಸಣ್ಣ ಸುಳ್ಳು. ದೊಡ್ಡದನ್ನು ಮೊದಲ ದಿನವೇ ಹೇಳಿಯಾಗಿತ್ತು. ಊಟಕ್ಕೆ ಕೂತಾಗ ನೀಲವ್ವ ತನ್ನ ಲೋಟ ತಟ್ಟೆ ತೆಗೆದುಕೊಂಡು ಮೂಲೆಗೆ ಹೋದಳು. ಆನ್ನಾ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಿಜ ಹೇಳಿದರೆ ಮನೆಯಿಂದ ಕಳಿಸಿಯಾರು. ಚಾಳಿನಲ್ಲಿ ನಳದ ಸಾಲಿನಲ್ಲಿ ನಮ್ಮ ಕೊಡ ಕಂಡರೆ ಉಳಿದ ಕೊಡಗಳು ಹಿಂದೆ ಸರಿಯುತ್ತಿದ್ದವು. ಆ ಅವಮಾನವನ್ನು ಇಲ್ಲಿಗೂ ಹೊತ್ತು ತರುವುದು ಬೇಡವೆನಿಸಿ, “ನಮ್ಮ ಧರ್ಮ” ಎಂದುಬಿಟ್ಟೆ.

ಆನ್ನಾ ಗೌರವದಿಂದ ತಲೆಯಾಡಿಸಿದಳು. ಮರುದಿನ ಅಡುಗೆಮನೆಯ ಗೋಡೆಗೆ ಒಂದು ಹೊಸ ಹಲಗೆ ಬಡಿದಿತ್ತು. ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಕೆಂಪು ದಾರದ ಲೋಟ. ಅವರ ಮಕ್ಕಳು ಅದರ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಮೂರು ವರ್ಷದ ಕಿರಿಯ ಮಗಳು ಲೀಸಿಯಂತೂ ದಿನಾ ಅಲ್ಲೊಂದು ಹಳದಿ ಹೂವಿಡುತ್ತಿದ್ದಳು. ನೀಲವ್ವ ಆ ಹೂವನ್ನು ನೋಡಿಯೂ ನೋಡದವಳ ಹಾಗೆ ಲೋಟ ತೆಗೆದುಕೊಳ್ಳುತ್ತಿದ್ದಳು.

ಮೊದಲ ಭಾನುವಾರ: ಹೊಳೆಯ ದಂಡೆ

ಆ ಜನಕ್ಕೆ ಭಾನುವಾರವೆಂದರೆ ನಡಿಗೆ. ಎಲ್ಲಿಗೂ ಹೋಗಬೇಕಾಗಿಲ್ಲ, ಸುಮ್ಮನೆ ನಡೆಯುವುದು. ಅಜ್ಜಿಯಿಂದ ಹಿಡಿದು ಎದೆಹಾಲಿನ ಕೂಸಿನವರೆಗೆ ಇಡೀ ಸಂಸಾರ ಬೆನ್ನಿಗೆ ಚೀಲ ಕಟ್ಟಿಕೊಂಡು ಹೊರಡುತ್ತದೆ. ದಾರಿಯಲ್ಲಿ ಎದುರಾದವರೆಲ್ಲ “ಗ್ರ್ಯುಯೆತ್ಸಿ” ಎಂದು ನಮಸ್ಕಾರ ಹೇಳುತ್ತಾರೆ. ನಾನು ಹದಿನೈದು ವರ್ಷ ಒಂದೇ ಲೋಕಲ್ ಗಾಡಿಯ ಒಂದೇ ಡಬ್ಬಿಯಲ್ಲಿ ಒಬ್ಬ ಮನುಷ್ಯನ ಬೆನ್ನಿಗೆ ಒರಗಿ ನಿಂತು ಪ್ರಯಾಣ ಮಾಡಿದ್ದೇನೆ, ಇವತ್ತಿಗೂ ಅವನ ಹೆಸರು ಗೊತ್ತಿಲ್ಲ. ಇಲ್ಲಿ ಗುರುತಿಲ್ಲದ ಮುದುಕ ಟೊಪ್ಪಿಗೆ ತೆಗೆದು ಮಾತಾಡಿಸುತ್ತಾನೆ. ನಾನೂ ಎಲ್ಲರಿಗೂ “ನಮಸ್ಕಾರ್ರೀ” ಎಂದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ದಾರಿ ಕೂಡುವಲ್ಲೆಲ್ಲ ಹಳದಿ ಹಲಗೆಗಳಿವೆ. ಮುಂದಿನ ಊರು ಎಷ್ಟು ಮೈಲಿ ಎಂದು ಅವು ಹೇಳುವುದಿಲ್ಲ, ಎಷ್ಟು ಹೊತ್ತು ಎಂದು ಹೇಳುತ್ತವೆ. ಯಾಕೋಬನ ಸಂಸಾರದ ಜೊತೆ ನಾವು ಹೋಗುವ ಸೇತುವೆಗೆ ಒಂದು ಗಂಟೆ ಹದಿನೈದು ನಿಮಿಷ ಎಂದಿತ್ತು. ಅದನ್ನು ಓದಿದ್ದೇ ತಡ, ನನ್ನ ಮೈಯೊಳಗಿನ ಮುಂಬಯಿ ಎಚ್ಚೆತ್ತಿತು. ಗಡಿಯಾರ ನೋಡಿಕೊಂಡೆ. ಕಸ್ತೂರಿಯನ್ನು ಹೆಗಲಿಗೇರಿಸಿ, “ನೀಲಾ, ಬಿರಿ ಬಿರಿ ಬಾ” ಎಂದು ಹೊರಟೆ.

ಎಡಕ್ಕೆ ಹೊಳೆ ಇತ್ತು. ಏನೇನು ನೋಡಿದೆ ಎಂದು ಕೇಳಿದರೆ ಹೇಳಲಾರೆ, ಗಡಿಯಾರ ನೋಡಿದೆ. ಒಂದು ಗಂಟೆ ಐದು ನಿಮಿಷಕ್ಕೆ ಸೇತುವೆ ಮುಟ್ಟಿದೆ, ಹತ್ತು ನಿಮಿಷ ಉಳಿತಾಯ. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಹೆಂಡತಿಯೂ ಇಲ್ಲ.

ಸೇತುವೆಯ ಕಟ್ಟೆಯ ಮೇಲೆ ಅಪ್ಪ ಮಗಳು ಕೂತೆವು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು.

“ಅಪ್ಪಾ, ಗಾಡಿ ಬರ್ತೈತೇನು ಇಲ್ಲಿ?” ಎಂದಿತು ಕಸ್ತೂರಿ.

“ಇಲ್ಲ.”

“ಮತ್ತ ಯಾಕ ಓಡಿದಿ?”

ಎರಡು ಗಂಟೆಯ ಮೇಲೆ ಅವರೆಲ್ಲ ಬಂದರು. ನಡುವೆ ನೀಲವ್ವ, ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೇಲೆ ಆನ್ನಾಳ ಉಣ್ಣೆ ಅಂಗಿ. ಸೆರಗಿನಲ್ಲಿ ಕಾಡು ಹಣ್ಣು, ತುಟಿ ನೇರಳೆ. ಏದುಸಿರಿರಲಿಲ್ಲ. ಆನ್ನಾ ನಾಲ್ಕು ಹೆಜ್ಜೆಗೊಮ್ಮೆ ನಿಂತು ಅವಳಿಗೆ ಏನಾದರೂ ತೋರಿಸುತ್ತಿದ್ದಳಂತೆ, ಅವಳ ಉಸಿರನ್ನು ಎಣಿಸುತ್ತಿರುವವಳ ಹಾಗೆ. ಆಗ ನನಗೆ ಅದು ಹೊಳೆಯಲಿಲ್ಲ.

“ಟ್ರೇನ್ ಸಿಕ್ಕಿತೆ?” ಎಂದ ಯಾಕೋಬ್, ನಗದೆ.

“ಹಲಗೆ ಮೇಲೆ ಬರೆದಿದೆಯಲ್ಲ.”

“ಅದು ಗೇಜ್ ಅಲ್ಲ. ಒಂದೂ ಕಾಲು ಗಂಟೆ ಅಂದರೆ, ಮಕ್ಕಳಿದ್ದರೆ ಮೂರು. ಹಣ್ಣಿದ್ದರೆ ನಾಲ್ಕು.”

ನೀಲವ್ವ ಸೆರಗು ಬಿಚ್ಚಿ ಹಣ್ಣುಗಳನ್ನು ಕಟ್ಟೆಯ ಮೇಲೆ ಸುರಿದಳು. ಕಸ್ತೂರಿಗೆ ಕೊಡಲಿಲ್ಲ, ಸುರಿದು ಎರಡು ಹೆಜ್ಜೆ ಹಿಂದೆ ಸರಿದಳು. ಮಗು ನನ್ನ ಮುಖ ನೋಡಿತು. ತಿನ್ನು ಎಂದೆ. ತಿಂದಿತು. ತಿನ್ನುವ ಮೊದಲು ಒಂದೊಂದನ್ನೂ ಲಂಗಕ್ಕೆ ಒರೆಸಿಕೊಂಡಿತು. ಅದನ್ನು ಅವಳೂ ನೋಡಿದಳು, ನಾನೂ ನೋಡಿದೆ.

ಎರಡನೆಯ ಭಾನುವಾರ

ಮಳೆ. ಎಲ್ಲೂ ಹೋಗಲಿಲ್ಲ. ಯಾಕೋಬ್ ಗೋಡೆ ಗಡಿಯಾರ ಬಿಚ್ಚಿದ, ಇಬ್ಬರೂ ಕೂತು ಎಣ್ಣೆ ಹಾಕಿದೆವು. ತಾನೂ ಹದಿನಾಲ್ಕಕ್ಕೆ ಶಾಲೆ ಬಿಟ್ಟವನು ಎಂದು ಹೇಳಿದ. ಅವನು ಅದನ್ನು ಹೇಳಿದ ರೀತಿಯಲ್ಲಿ ನಾಚಿಕೆಯೂ ಇರಲಿಲ್ಲ, ನನ್ನ ಹಾಗೆ ಜಂಬವೂ ಇರಲಿಲ್ಲ. ಕೂದಲ ಬಣ್ಣ ಹೇಳಿದ ಹಾಗೆ ಹೇಳಿದ.

ಮೂರನೆಯ ಭಾನುವಾರ: ಮೇಲಿನ ಹುಲ್ಲುಗಾವಲು

ಬೇಸಿಗೆಯಲ್ಲಿ ಕಣಿವೆಯ ದನಗಳನ್ನೆಲ್ಲ ಗುಡ್ಡದ ಮೇಲಿನ ಹುಲ್ಲಿಗೆ ಅಟ್ಟುತ್ತಾರೆ. ಒಬ್ಬ ಗೌಳಿಗ ಮೂರು ತಿಂಗಳು ಅಲ್ಲೇ ಒಂದು ಕಲ್ಲಿನ ಗುಡಿಸಲಿನಲ್ಲಿದ್ದು ಹಾಲು ಕರೆದು ಗಿಣ್ಣು ಮಾಡುತ್ತಾನೆ. ಯಾಕೋಬನ ಮಾವ, ಎಂದರೆ ಆನ್ನಾಳ ಅಪ್ಪ, ಅಂಥ ಗೌಳಿಗ. ಅವನನ್ನು ನೋಡಲು ಹೊರಟೆವು. ಹಳದಿ ಹಲಗೆ ಎರಡು ಗಂಟೆ ಎಂದಿತು. ನಾನು ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ.

ದಾರಿ ಕಾಡಿನೊಳಗೆ ಸುತ್ತಿ ಸುತ್ತಿ ಏರುತ್ತದೆ. ಅಲ್ಲಲ್ಲಿ ಮರದ ದಿಮ್ಮಿ ಕೊರೆದು ಮಾಡಿದ ತೊಟ್ಟಿ, ಅದಕ್ಕೆ ಬೆಟ್ಟದ ನೀರು ಹಗಲಿರುಳೂ ಬೀಳುತ್ತದೆ, ನಳ ತಿರುಗಿಸುವವರಿಲ್ಲ. ನಮ್ಮ ಚಾಳಿನ ಹೆಂಗಸರು ಇದನ್ನು ನೋಡಿದ್ದರೆ ಕೊಡ ಇಟ್ಟು ಅಳುತ್ತಿದ್ದರು. ಹಿಂದೆ ತಿರುಗಿದರೆ ಹೊಳೆ ಕೆಳಗೆ ಲಾಡಿಯಷ್ಟು ಸಣ್ಣದಾಗಿತ್ತು, ಕಣಿವೆಯ ತುದಿಯಲ್ಲಿ ಹಿಮದ ಟ್ಯೋಡಿ ಬೆಟ್ಟ. ಕಸ್ತೂರಿ, ಲೀಸಿ ಕೈಹಿಡಿದು ಮುಂದೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಜಗಳವಾಡಿಕೊಳ್ಳುವಷ್ಟು ಸ್ನೇಹ.

“ಅಪ್ಪಾ, ಈ ದನಗೋಳಿಗೆ ದೇವರ ಘಂಟಿ ಯಾಕ ಕಟ್ಯಾರ?”

“ಕಳಕೊಂಡ್ರ ಸಿಗಲಿ ಅಂತ.”

“ಹಂಗಾದ್ರ ಅವರಿಗೂ ಒಂದ್ ಕಟ್ಟು,” ಎಂದು ಹಿಂದೆ ಬರುತ್ತಿದ್ದ ತಾಯಿಯ ಕಡೆ ಗದ್ದ ತೋರಿಸಿತು. “ಯಾವಾಗ್ಲೂ ಹಿಂದ ಉಳೀತಾರ.”

ನೀಲವ್ವನಿಗೆ ಕೇಳಿಸಿತು. ನಕ್ಕಳು. ಮಗು ತನ್ನ ಬಗ್ಗೆ ಆಡಿದ ಮಾತೆಂದು ನಕ್ಕಳು.

ಗುಡಿಸಲು ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಮುದುಕ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ ಇಟ್ಟು ಹಾಲು, ಹಿಟ್ಟು, ಬೆಣ್ಣೆ ಕಾಯಿಸುತ್ತಿದ್ದ. ನಮ್ಮ ಸಜ್ಜಿಗೆಯ ದೂರದ ನಂಟ. ಬಾಣಲೆಯನ್ನು ಹಾಗೇ ತಂದು ಮೇಜಿನ ನಡುವೆ ಇಟ್ಟ. ತಟ್ಟೆ ಇಲ್ಲ. ಎಲ್ಲರ ಕೈಗೂ ಒಂದೊಂದು ಮರದ ಚಮಚ. ಸುತ್ತ ಕೂತು ತಮ್ಮ ತಮ್ಮ ಎದುರಿನ ಭಾಗವನ್ನು ಎಲ್ಲರೂ ಅದೇ ಬಾಣಲೆಯಿಂದ ತಿನ್ನುವುದು. ಬಾಯಿಗಿಟ್ಟ ಚಮಚ ಮತ್ತೆ ಬಾಣಲೆಗೆ. ನಾವು ಹುಟ್ಟಿದಾಗಿನಿಂದ ಎಂಜಲು ಎಂಜಲು ಎಂದು ಕೇಳಿಕೊಂಡು ಬೆಳೆದವರು. ನನಗೇ ಒಂದು ಗಳಿಗೆ ಕೈ ಹೋಗಲಿಲ್ಲ.

ನೀಲವ್ವ ಬಾಗಿಲಿಗೆ ಹೋಗಿ ನಿಂತಿದ್ದಳು. ಆನ್ನಾ ತನ್ನ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅವರ ಧರ್ಮ ಎಂದೇ ಇರಬೇಕು. ಮುದುಕ ಎದ್ದ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ, ಹೂವಿನ ಚಿತ್ರದ ಒಂದು ಪಿಂಗಾಣಿ ಬಟ್ಟಲು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅದು ಅವನ ತೀರಿಹೋದ ಹೆಂಡತಿಯದಂತೆ. ಲೀಸಿ ಹೊರಗೆ ಓಡಿದಳು, ಬಟ್ಟಲಿಗೂ ಹೂವು ತರಲು.

ನೀಲವ್ವ ನನ್ನನ್ನು ಕರೆದಳು. ದನಿ ಏರಿಸಲಿಲ್ಲ.

“ಸುಳ್ಳು ಸಾಕ್ರಿ. ಖರೇ ಹೇಳಿಬಿಡ್ರಿ ಇವರಿಗೆ.”

“ಏನಂತ ಹೇಳ್ಲಿ? ಬಟ್ಲ ಕೊಡ್ತಾನ, ತಿಂದ್ರ ಆತು.”

“ಆ ಕೂಸು ದಿನಾ ಹೂವ ಇಡ್ತೈತ್ರಿ. ರೋಗಾನ ದೇವರು ಮಾಡಿ ಕುಂಡರಿಸೀವಿ ನಾವು. ನನಗ ಅದನ್ನ ನೋಡಾಕ ಆಗೂದಿಲ್ಲ.”

“ಹೊರಗ ಹಾಕಿದ್ರ?”

“ಹಾಕ್ಲಿ. ಚಾಳಿನ್ಯಾಗ ಹಾಕಲಿಲ್ಲೇನು? ಉಳೀಲಿಲ್ಲೇನು ನಾ?”

ನಾನು ಒಳಗೆ ಹೋದೆ. ನನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿದೆ. ಧರ್ಮ ಅಲ್ಲ, ನಾನು ಹೇಳಿದ್ದು ಸುಳ್ಳು ಎಂದೆ. ಎದೆ ತಟ್ಟಿ ತೋರಿಸಿದೆ. ಇಲ್ಲಿ, ಅವಳಿಗೆ, ಟಿ.ಬಿ. ಮೂರು ವರ್ಷ ರಿಪೇರಿ. ಈಗ ಫಿನಿಶ್. ಟೆಸ್ಟೆಡ್. ಆದರೂ ಅವಳಿಗೆ ಭಯ. ಅವಳದಕ್ಕಿಂತ ನನಗೆ ಭಯ.

ಯಾಕೋಬ್ ತಿರುಗಿ ಹೆಂಡತಿಗೆ ಅವರ ಮಾತಿನಲ್ಲಿ ಹೇಳಿದ. ಆನ್ನಾ ನನ್ನನ್ನು ನೋಡಿದಳು, ಬಾಗಿಲಲ್ಲಿದ್ದ ನೀಲವ್ವನನ್ನು ನೋಡಿದಳು. ಮುಖದಲ್ಲಿ ಅಂಥ ಬದಲಾವಣೆ ಇರಲಿಲ್ಲ. ಚಮಚ ಹಿಡಿದ ಕೈಯನ್ನೇ ಎತ್ತಿ, ತನ್ನ ಎದೆಯನ್ನು ಮುಟ್ಟಿಕೊಂಡು, ಎರಡು ಬೆರಳು ತೋರಿಸಿದಳು.

“ದಾವೋಸ್, ಟಿ.ಬಿ. ಆಸ್ಪತ್ರೆ,” ಎಂದ ಯಾಕೋಬ್. “ಎರಡು ವರ್ಷ. ಲೀಸಿ ಹುಟ್ಟುವ ಮೊದಲು. ಆನ್ನಾಳ ಅಮ್ಮನಿಗೂ ಇತ್ತು. ಅಮ್ಮ ಉಳಿಯಲಿಲ್ಲ. ಇದು ಅಮ್ಮನ ಬಟ್ಟಲು.”

ಮುದುಕ ಬಟ್ಟಲನ್ನು ಮೇಜಿನ ಮೇಲಿಟ್ಟು ಕೂತ. ಆನ್ನಾ ತಿನ್ನತೊಡಗಿದಳು. ಆಗ ಲೀಸಿ ಬಂದಳು. ಹೂವನ್ನು ಎಲ್ಲೋ ಬಿಸಾಡಿ ತಾಯಿಯ ತೊಡೆ ಏರಿದಳು. ಆನ್ನಾಳ ಬಾಯಿಯಲ್ಲಿದ್ದ ಚಮಚವನ್ನು ಕಿತ್ತುಕೊಂಡು ತಾನು ನೆಕ್ಕಿದಳು. ತಾಯಿ ಗದರಿಸಿದಳು, ಚಮಚ ಕಸಿದಳೆಂದು.

ನೀಲವ್ವ ಬಾಗಿಲಿನಿಂದ ಅದನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಬಂದು ಬೆಂಚಿನ ತುದಿಗೆ ಕೂತಳು. ಮುದುಕ ಅವಳ ಕೈಗೂ ಒಂದು ಮರದ ಚಮಚ ಕೊಟ್ಟ.

ಬೆಂಚಿನ ಮೇಲೆ ನಾನು, ನನ್ನ ಪಕ್ಕ ಕಸ್ತೂರಿ, ಅದರಾಚೆ ನೀಲವ್ವ. ಅವಳು ತನ್ನ ಎದುರಿನ ಅಂಚಿನಿಂದ ಒಂದು ತುಣುಕು ತೆಗೆದು ತಿಂದಳು. ಚಮಚ ಮತ್ತೆ ಬಾಣಲೆಗೆ ಹೋಗುವಾಗ ನಿಂತಿತು. ಯಾರೂ ನೋಡಲಿಲ್ಲ, ಯಾರಿಗೂ ಬಿಡುವಿರಲಿಲ್ಲ. ಇನ್ನೊಂದು ತಿಂದಳು.

ಕಸ್ತೂರಿಗೆ ಹಸಿವು. ತನ್ನ ಪಾಲನ್ನು ಬಾಣಲೆಯ ತಳ ಕಾಣುವ ಹಾಗೆ ಕೆರೆದು ಮುಗಿಸಿತು. ನನ್ನ ಕಡೆಯದು ಸೀದು ಕರಿಯಾಗಿತ್ತು. ಅತ್ತ ನೋಡಿತು. ನೀಲವ್ವನ ಎದುರು ಬೆಣ್ಣೆ ಹರಿದು ಹೊಂಬಣ್ಣವಾಗಿತ್ತು, ಅವಳು ಬಾಯಿಟ್ಟ ಚಮಚದ ಗುರುತು ಅದರಲ್ಲಿತ್ತು. ಮಗು ಚಮಚ ಚಾಚಿತು.

ನನ್ನ ಕೈ ಎದ್ದಿತು. ಎರಡು ವರ್ಷದ ಹಿಂದೆ ಎದ್ದ ಅದೇ ಕೈ, 'ಬ್ಯಾಡ' ಎನ್ನಲು. ಅದನ್ನು ಮೇಜಿನ ಕೆಳಗೆ ಎಳೆದು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. ಮಗ್ಗದ ಪಟ್ಟಿಗೆ ಸಿಕ್ಕ ಕೈಯನ್ನು ಹಿಡಿದುಕೊಳ್ಳುವ ಹಾಗೆ.

ಮಗುವಿಗೆ ಅದು ಗೊತ್ತಾಯಿತು. ಚಮಚವನ್ನು ಹಾಗೇ ಹಿಡಿದು ನನ್ನ ಮುಖ ನೋಡಿತು.

“ತಿನ್ನವಾ,” ಎಂದೆ.

“ಹೊಡಿಯೂದಿಲ್ಲ?”

ಮೇಜಿನ ಸುತ್ತ ಕನ್ನಡ ತಿಳಿದವರು ನಾವು ಮೂವರೇ.

“ಇಲ್ಲ. ಅವತ್ತು ಅಪ್ಪಂದು ತಪ್ಪಾತು.”

ಕಸ್ತೂರಿ ತಿಂದಿತು. ಆಮೇಲೆ ತಾಯಿಯ ಕಡೆಗೆ ಸರಿದು ಕೂತಿತು, ಬಾಣಲೆ ಹತ್ತಿರವಾಗಲಿ ಎಂದು. “ನಿಂದು ಚಲೋ ಐತಿ,” ಎಂದಿತು ಬಾಯಿತುಂಬ ಇಟ್ಟುಕೊಂಡು, “ಬೆಣ್ಣಿ ಭಾಳ ಐತಿ.”

“ತಗೋ,” ಎಂದಳು ನೀಲವ್ವ. ಚಮಚ ಕೆಳಗಿಟ್ಟು, ತನ್ನ ಪಾಲು ಖಾಲಿಯಾಗುವುದನ್ನು ನೋಡುತ್ತ ಕೂತಳು. ಯಾಕೋಬ್ ನನ್ನ ಲೋಟಕ್ಕೆ ಮಜ್ಜಿಗೆ ಸುರಿದ.

ಇಳಿಜಾರು

ಇಳಿಯುವಾಗ ಕಸ್ತೂರಿಗೆ ಕಾಲು ಸೋತಿತು. ಎಂದಿನಂತೆ ನಾನು ಕೂತು ಹೆಗಲು ಕೊಟ್ಟೆ. ಮಗು ನನ್ನನ್ನು ದಾಟಿಕೊಂಡು ಹೋಗಿ ನೀಲವ್ವನ ಸೀರೆ ಹಿಡಿದು ನಿಂತಿತು. ಯಾಕೆ ಎಂದರೆ ದೊಡ್ಡ ಕಾರಣವಿರಲಿಲ್ಲ. ಆನ್ನಾಳ ಉಣ್ಣೆ ಅಂಗಿ ಮೆತ್ತಗಿತ್ತು, ನನ್ನ ಕೋಟು ಚುಚ್ಚುತ್ತಿತ್ತು. ಅದನ್ನು ಮಗುವೇ ಹೇಳಿತು. ನೀಲವ್ವ ಎತ್ತಿಕೊಂಡಳು.

“ನಿನಗ ಆಗೂದಿಲ್ಲ ನೀಲಾ, ಇತ್ಲಾಗ ಕೊಡು,” ಎಂದೆ.

“ಇರ್ಲಿ ಬಿಡ್ರಿ.”

“ಡಾಕ್ಟರು ಭಾರ ಎತ್ತಬ್ಯಾಡ ಅಂದಾರ.”

“ಡಾಕ್ಟರು ಬ್ಯಾರೆ ಭಾರದ ಮಾತಾಡಿದ್ದು.”

ಐವತ್ತು ಹೆಜ್ಜೆ ಎತ್ತಿಕೊಂಡು ನಡೆಯುವುದು, ತೊಟ್ಟಿಯ ಕಟ್ಟೆಗೆ ಕೂತು ಉಸಿರು ತೆಗೆದುಕೊಳ್ಳುವುದು, ಮತ್ತೆ ಐವತ್ತು. ಆನ್ನಾ ಅವಳ ಪಕ್ಕವೇ ಬಂದಳು, ಅವಳು ನಿಂತಲ್ಲಿ ತಾನೂ ನಿಂತಳು. ಅಷ್ಟರಲ್ಲಿ ಮಗು ನಿದ್ದೆ ಹೋಗಿತ್ತು. ನೀಲವ್ವ ಅದರ ಬೆನ್ನು ತಟ್ಟುತ್ತಿದ್ದಳು, ಬೇಕಾಗಿರಲಿಲ್ಲ, ಆದರೂ. ಹಲಗೆಯ ಪ್ರಕಾರ ಒಂದೂವರೆ ಗಂಟೆಯ ಇಳಿಜಾರು. ನಾವು ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಆ ದಾರಿಯಲ್ಲಿ ನಾನು ನೋಡಿದ್ದು ಎಲ್ಲ ನೆನಪಿದೆ: ಯಾವ ತಿರುವಿನಲ್ಲಿ ಯಾವ ಮರ, ಎಲ್ಲಿ ಹೊಳೆ ಕಂಡಿತು, ಎಲ್ಲಿ ಬರೀ ಸಪ್ಪಳ ಕೇಳಿತು.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಮರುದಿನ ಬೆಳಗ್ಗೆ ಕಸ್ತೂರಿ ಮತ್ತೆ ನನ್ನ ಬೆನ್ನ ಹಿಂದೆ ನಿಂತಿತ್ತು. ನೀಲವ್ವನೂ ಮಗುವಿನ ಮುಖ ತೊಳೆಯುವ ಮೊದಲು ತನ್ನ ಕೈಯನ್ನು ಮೂರು ಸಲ ತೊಳೆದುಕೊಂಡಳು. ಆದರೆ ಉಳಿದ ಮೂರು ವಾರದಲ್ಲಿ ಮೂರು ಭಾನುವಾರ ಇದ್ದವು, ಮೂರೂ ದಿನ ನಡೆದೆವು. ನಾನು ಹಿಂದೆ ಉಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಮುಂದೆ ಅವರಿಬ್ಬರು.

ಬಂದರು

ಮುಂಬಯಿ ಬಂದರಿನಲ್ಲಿ ಅಕ್ಕ ನಿಂತಿದ್ದಳು. ಕಸ್ತೂರಿ “ಅವ್ವಾ” ಎಂದು ಓಡಿತು. ಅಕ್ಕ ಅದನ್ನು ಅಪ್ಪಿಕೊಂಡಳು, ಆದರೆ ಕಣ್ಣು ನೀಲವ್ವನ ಮೇಲಿತ್ತು. ಏನಾಗಿದೆ ಎಂದು ಹೆಂಗಸರಿಗೆ ಕೇಳದೆಯೇ ತಿಳಿಯುತ್ತದೆ. ಮನೆಗೆ ಬಂದವಳೇ ತನ್ನ ಟ್ರಂಕು ಕಟ್ಟಿ ಬಾಗಿಲಲ್ಲಿ ಇಟ್ಟಳು.

“ಇನ್ ನಾ ಊರಿಗೆ ಹೋಗ್ತೀನಪಾ ಮಲ್ಲೂ. ನನ್ನ ಕೆಲಸ ಮುಗೀತು,” ಎಂದಳು.

ನನ್ನನ್ನು ಈ ಊರಿಗೆ ತಂದವಳು, ನನ್ನ ಮಗುವನ್ನು ಉಳಿಸಿದವಳು. ತಡೆದದ್ದು ನಾನಲ್ಲ, ನೀಲವ್ವ. ಟ್ರಂಕಿನ ಮೇಲೆ ಕೂತುಬಿಟ್ಟು ಹೇಳಿದಳು:

“ಎಲ್ಲಿಗ್ರೀ ಅಕ್ಕಾರ? ಅಕಿಗೆ ನಾ ಹಾಕಿದ ಹೆರಳ ಸೇರೂದಿಲ್ಲ. ಹಡಗದಾಗ ಹದಿಮೂರು ದಿನಾನೂ ಇದ ಮಾತು, ನಮ್ಮವ್ವ ಹಾಕಿದಂಗ ಹಾಕು, ನಮ್ಮವ್ವ ಹಾಕಿದಂಗ ಹಾಕು ಅಂತ. ನನಗ ಕಲಿಸಿದ ಮ್ಯಾಲೆ ಹೋಗೀರಂತ.”

“ನಿನಗ ಬರಾಕ ಎಷ್ಟ್ ದಿನ ಬೇಕು?”

“ನಾ ಮಂದಬುದ್ಧಿಯಾಕಿ. ಹತ್ತ್ ವರ್ಷ ಆಗ್ತಾವ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, “ಏಳ ಮ್ಯಾಲೆ, ಟ್ರಂಕ್ ಮುರಿದೀ,” ಎಂದಳು. ಹೆರಳು ಹಾಕಲು ನೀಲವ್ವನಿಗೆ ಇನ್ನೂ ಬಂದಿಲ್ಲ.

ಇದನ್ನು ಬರೆಯುತ್ತಿರುವುದು ೧೯೫೮ರಲ್ಲಿ. ಕಳೆದ ವರ್ಷ ಗಿರಣಿ ಬಿಟ್ಟು ಮಗ್ಗದ ಬಿಡಿಭಾಗ ಮಾಡುವ ಸ್ವಂತ ಕೆಲಸ ಹಿಡಿದಿದ್ದೇನೆ. ಇಂದಿಗೆ ನನ್ನಲ್ಲಿರುವುದು ಇಷ್ಟು. ಗೋರೆಗಾಂವದಲ್ಲಿ ತಗಡಿನ ಶೆಡ್ಡು ಒಂದು. ಅದರಲ್ಲಿ ಲೇಥ್ ಎರಡು, ಕೆಲಸಗಾರರು ನಾಲ್ವರು, ಭಾನುವಾರ ಎಲ್ಲರಿಗೂ ರಜೆ. ಮಾಟುಂಗದ ಚಾಳಿನಲ್ಲಿ ಖೋಲಿ ಒಂದು. ಅಕ್ಕ ಒಬ್ಬಳು. ಹೆಂಡತಿ ಒಬ್ಬಳು. ಮಗಳು ಒಬ್ಬಳು, ಈಗ ಒಂಬತ್ತು ವರ್ಷ. ಅವಳಿಗೆ ಅವ್ವಂದಿರು ಇಬ್ಬರು.